ಹಿಂದಿನ ಸೀಟನ್ನು ಗುಜರಿಗೆ ಹಾಕಬೇಡಿ

ದಾವಣಗೆರೆ,
ಫೆಬ್ರವರಿ 30, 2151

ನನ್ನ ಅಜ್ಜಿಯ ಅಜ್ಜನವರಾದ ಶ್ರೀ ಕೊಟ್ರೇಶಪ್ಪನವರಿಗೆ,

ತಮ್ಮ ಮೊಮ್ಮಗಳ ಮೊಮ್ಮಗ ಭರ್ಮಪ್ಪ ಮಾಡುವ ನಮಸ್ಕಾರಗಳು. ನಮಸ್ಕಾರ ಎಂದು ಬರೆದ ಮೇಲೆ ಲೆಕ್ಕ ಹಾಕಿ ನೋಡಿದೆ. ಈ ಕಾಗದ ಕೈಸೇರುವ ಹೊತ್ತಿಗೆ ತಮಗೆ ಮೂವತ್ತಾರು, ನನಗೆ ನಲವತ್ತೊಂದು. ವಯಸ್ಸಿನಲ್ಲಿ ಹಿರಿಯ ಅಂತ ಆಶೀರ್ವಾದ ಮಾಡಬೇಕೋ, ಸಂಬಂಧದಲ್ಲಿ ಕಿರಿಯ ಅಂತ ಕಾಲಿಗೆ ಬೀಳಬೇಕೋ ತಿಳಿಯದೆ ಸದ್ಯಕ್ಕೆ ಅರ್ಧ ಬಗ್ಗಿ ನಿಂತಿದ್ದೇನೆ. ಸೊಂಟ ಹಿಡಿಯುವ ಮೊದಲು ವಿಷಯಕ್ಕೆ ಬರುತ್ತೇನೆ.

ಫೆಬ್ರವರಿಗೆ ಮೂವತ್ತನೇ ತಾರೀಕು ಎಲ್ಲಿಂದ ಬಂತು ಎಂದು ಹುಬ್ಬೇರಿಸಬೇಡಿ. ಆ ಬಡಪಾಯಿ ತಿಂಗಳಿಗೆ ತಲತಲಾಂತರದಿಂದ ಆಗುತ್ತಿದ್ದ ಅನ್ಯಾಯವನ್ನು ನಮ್ಮ ಕಾಲದವರು ಜುಲೈ, ಆಗಸ್ಟುಗಳಿಂದ ಒಂದೊಂದು ದಿನ ಕಿತ್ತುಕೊಟ್ಟು ಸರಿಪಡಿಸಿದ್ದಾರೆ. ನನ್ನ ಕನ್ನಡ ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೂ ಕ್ಷಮಿಸಬೇಕು. ತಾವು ಮೋಟಾರ್ ಸೈಕಲ್ ಬಗ್ಗೆ ಮಾಡಿ ಹಾಕಿದ ನೂರಾ ಹನ್ನೆರಡು ವಿಡಿಯೊಗಳನ್ನು ನೋಡಿಯೇ ತಮ್ಮ ಕಾಲದ ಭಾಷೆ ಕಲಿತವನು ನಾನು. ಅದಕ್ಕೇ ಎರಡು ಮಾತಿಗೊಮ್ಮೆ "ಗೆಳೆಯರೇ" ಎನ್ನುವ ಚಟ ನನಗೂ ಅಂಟಿದೆ. ಆ ಒಂದೊಂದು ವಿಡಿಯೊವನ್ನೂ ಇವತ್ತಿನವರೆಗೆ ನೋಡಿರುವುದು ನಲವತ್ತೇಳೇ ಸಲ. ಅದರಲ್ಲಿ ನಲವತ್ತು ಸಲ ನಾನೇ.

ಈ ಕಾಗದ ತಮಗೆ ಬಂದಿರುವುದು ಹಿಂದಂಚೆಯ ಮೂಲಕ. ಹಿಂದಂಚೆ ಎಂದರೆ ಹಿಂದಿನ ಕಾಲಕ್ಕೆ ಕಾಗದ ಒಯ್ಯುವ ಅಂಚೆ. ಚಿನ್ನದ ರೇಟು, ಚುನಾವಣೆಯಲ್ಲಿ ಯಾರು ಗೆದ್ದರು, ಯಾರು ಯಾವಾಗ ಸತ್ತರು, ಇವನ್ನೆಲ್ಲ ಬರೆಯುವಂತಿಲ್ಲ. ಮನೆವಾರ್ತೆಯ ಕೋರಿಕೆ ಮಾತ್ರ, ಅದೂ ಜನ್ಮಕ್ಕೊಂದೇ ಸಲ. ಕೌಂಟರಿನಲ್ಲಿ ಕೂರುವ ಗೌರಕ್ಕ ನನಗೆ ಹಾಳೆ ಕೊಡುವಾಗಲೇ ಎಚ್ಚರಿಸಿದರು: "ನೋಡಪ್ಪ ಭರ್ಮಪ್ಪ, ಕಳಿಸ್ಬೇಕು ಅಂತ ಗಟ್ಟಿ ಮನಸ್ಸು ಮಾಡಿ ಬರೆದ್ರೆ ಸಾಕು, ಹಿಂದಿನೋರಿಗೆ ಮುಟ್ಟಿಬಿಡ್ತದೆ. ಕಾಗದ ಬರೆದು ಮುಗಿಸೋದ್ರೊಳಗೆ ನಿನ್ನ ಕೆಲ್ಸ ಆಗಿರ್ತದೆ. ಹಂಗಂತ ಆಯ್ತಲ್ಲ ಬಿಡು ಅಂತ ಕಾಗದ ಹಾಕ್ದೆ ಇರಬ್ಯಾಡ. ಹೋದ ವರ್ಷ ಒಬ್ರು ಹಂಗೇ ಮಾಡಿ, ಸಿಕ್ಕಿದ್ದ ಬೀಗದ ಕೈ ಮತ್ತೆ ಮಾಯ ಆತು." ಇಷ್ಟು ಹೇಳಿ ಅವರು ಊಟಕ್ಕೆ ಹೋದರು. ಕಾಲ ಬದಲಾದರೂ ಕೌಂಟರು ಬದಲಾಗಿಲ್ಲ.

ಇನ್ನು ನಮ್ಮ ಲೋಕದ ಸಮಾಚಾರ. ಬೆಣ್ಣೆದೋಸೆ ಕ್ಷೇಮ, ಮಂಡಕ್ಕಿ ಕ್ಷೇಮ. ನಾವು ಊರಿಂದೂರಿಗೆ ಹೋಗುವುದು ಹಾಸುಗಾಡಿಯಲ್ಲಿ. ಅದು ಹಾಸಿಗೆಯೇ, ಮಲಗಿ ಊರಿನ ಹೆಸರು ಹೇಳಿದರೆ ಒಂದು ಆಕಳಿಕೆಯೊಳಗೆ ತಲುಪಿಸುತ್ತದೆ. ಗಾಳಿ ಇಲ್ಲ, ಧೂಳಿಲ್ಲ, ಕುಲುಕಾಟ ಇಲ್ಲ. ಇದರಿಂದ ಏನಾಗಿದೆ ಎಂದರೆ ಗೆಳೆಯರೇ, ಕ್ಷಮಿಸಿ, ಅಜ್ಜನವರೇ, ನಮಗೆ ಆರಾಮವೆಂದರೆ ಏನೆಂದೇ ಮರೆತುಹೋಗಿದೆ. ನಿಮ್ಮಲ್ಲಿ ಕಷ್ಟ ಪುಕ್ಕಟೆಯಾಗಿ ಸಿಗುತ್ತಿತ್ತು, ಆರಾಮವನ್ನು ಕೊಳ್ಳಬೇಕಿತ್ತು. ನಮ್ಮಲ್ಲಿ ಉಲ್ಟಾ. ಬೀದಿಗೊಂದು ಕುಲುಕುಮನೆ ಇದೆ. ವೈದ್ಯರು ಬರೆದುಕೊಟ್ಟ ಚೀಟಿ ತೋರಿಸಿದರೆ ಅಲ್ಲಿ ಅರ್ಧ ಗಂಟೆ ಚೆನ್ನಾಗಿ ಎತ್ತಿ ಕುಕ್ಕಿ ಕಳಿಸುತ್ತಾರೆ. ಊರಲ್ಲಿ ಉಳಿದಿರುವ ಮೂರು ರೋಡ್ ಹಂಪುಗಳಿಗೆ ಬೇಲಿ ಹಾಕಿ, ಸಂರಕ್ಷಿತ ಸ್ಮಾರಕ ಎಂದು ಫಲಕ ನೆಟ್ಟಿದ್ದಾರೆ. ಮಕ್ಕಳು ಸಾಲಾಗಿ ನಿಂತು ನೋಡುತ್ತವೆ.

ವರ್ಷಕ್ಕೊಂದು ದಿನ ಮಾತ್ರ ಹಳೆಯ ಗಾಡಿಗಳು ರಸ್ತೆಗಿಳಿಯಬಹುದು. ಅದಕ್ಕೆ ಹೊಗೆಹಬ್ಬ ಎಂದು ಹೆಸರು. ಅವತ್ತು ಔಷಧಿ ಅಂಗಡಿಯಲ್ಲಿ ಬಾಟಲಿ ಹಿಡಿದು ನಿಂತರೆ ಅಳತೆ ಮಾಡಿ ಪೆಟ್ರೋಲ್ ಹಾಕುತ್ತಾರೆ. ಈ ಸಲದ ಹಬ್ಬಕ್ಕೆ ಇನ್ನು ಒಂಬತ್ತೇ ದಿನ. ಹಬ್ಬಕ್ಕೆ ಹೊರಡಬೇಕಾಗಿರುವುದು ತಮ್ಮ ಕ್ರೂಸರ್ ಮೋಟಾರ್ ಸೈಕಲ್, ಮನೆಮಂದಿಯೆಲ್ಲ ಪ್ರೀತಿಯಿಂದ ಎಮ್ಮೆ ಎಂದು ಕರೆಯುವ ಅದೇ ಕಪ್ಪು ಗಾಡಿ. ಹೌದು, ಇನ್ನೂ ಸ್ಟಾರ್ಟ್ ಆಗುತ್ತದೆ. ಮುಂಜಾನೆ ಸ್ವಲ್ಪ ಕೆಮ್ಮುತ್ತದೆ, ಅಷ್ಟೆ.

ಎಮ್ಮೆಯನ್ನು ತಾವು ಸಿಂಗರಿಸಿದ ಬಗೆಯನ್ನು ನಾನು ವಿಡಿಯೊಗಳಲ್ಲಿ ಕಣ್ತುಂಬ ನೋಡಿದ್ದೇನೆ. ಕನ್ಯಾಕುಮಾರಿಗೆ ಹೋಗಬೇಕೆಂಬ ಸಂಕಲ್ಪ ಹುಟ್ಟಿದ ದಿನದಿಂದ ತಾವು ದಾರಿಯ ಬಗ್ಗೆ ಯೋಚಿಸಿದ್ದು ಕಡಿಮೆ, ದೇಹದ ಬಗ್ಗೆ ಯೋಚಿಸಿದ್ದು ಹೆಚ್ಚು. ಎದೆಗೆ ಗಾಳಿ ಬಡಿಯದಿರಲು ದೊಡ್ಡ ವಿಂಡ್‌ಶೀಲ್ಡ್ ಬಂತು. ಭುಜ ನೋಯದಿರಲು ಹ್ಯಾಂಡಲ್ ಎತ್ತರಿಸುವ ರೈಸರ್ ಬಂತು. ಹಿಮ್ಮಡಿಗೆ ಸುಖವಾಗಲೆಂದು ತಟ್ಟೆಯಂಥ ಫುಟ್‌ಬೋರ್ಡ್, ಅದೂ ಬೇಸರವಾದರೆ ಕಾಲು ಚಾಚಲು ಮುಂದಿನ ಗಾರ್ಡಿನ ಮೇಲೆ ಇನ್ನೊಂದು ಜೊತೆ ಪೆಗ್ಗು. ಮಂಡಕ್ಕಿ ತುಂಬಲು ಎರಡು ಬದಿಗೂ ಚರ್ಮದ ಬ್ಯಾಗು. ತೊಂಬತ್ತೆಂಟನೇ ವಿಡಿಯೊದಲ್ಲಿ ಜೆಲ್ ತುಂಬಿದ ಹೊಸ ಸೀಟಿನ ಮೇಲೆ, ನಿಲ್ಲಿಸಿದ ಗಾಡಿಯಲ್ಲೇ, ಇಪ್ಪತ್ತೆರಡು ನಿಮಿಷ ಕೂತು "ಆಹಾ" ಎಂದಿದ್ದೀರಿ. ಒಬ್ಬ ಮನುಷ್ಯನ ಆಸನಕ್ಕೆ ಇಷ್ಟು ಮರ್ಯಾದೆ ನಮ್ಮ ವಂಶದಲ್ಲಿ ಹಿಂದೆಂದೂ ಸಿಕ್ಕಿರಲಿಲ್ಲ.

ಆಮೇಲೆ ಬಂತು ನೂರಾ ಹನ್ನೆರಡನೆಯದು. ತಮಗೆ ಅದು ಇವತ್ತಿನದೇ, ಈಗಿನ್ನೂ ಬಿಸಿ ಆರಿಲ್ಲ. ಕುಶನ್ ಅಂಗಡಿಯ ಮೌಲಾಲಿ ಮನೆಗೇ ಬಂದು, ಸ್ಪ್ಯಾನರ್ ತಿರುಗಿಸುತ್ತ ಹೇಳಿದ: "ಅಣ್ಣಾ, ಹಿಂದಿನ ಸೀಟು ತೆಗೆದುಬಿಟ್ರೆ ಎಮ್ಮೆ ಹೋಗಿ ಹುಲಿ ಆಗ್ತತಿ ನೋಡು. ಜಾಗದಾಗೆ ಲಗೇಜ್ ಕ್ಯಾರಿಯರ್ ಕೂರಿಸ್ತೀನಿ." ತಾವು ಕ್ಯಾಮೆರಾ ನೋಡಿ ನಕ್ಕಿರಿ. ಸೀಟು ಕಳಚಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕಕ್ಕೆ ಬಿತ್ತು. ಆಗ ಚಿತ್ರದಲ್ಲಿ ಕಾಣದೆ, ಅಡುಗೆಮನೆಯ ಕಿಟಕಿಯಿಂದ ಒಂದು ದನಿ ಬರುತ್ತದೆ. ಅದು ತಮ್ಮ ಧರ್ಮಪತ್ನಿ ವಿಶಾಲಾಕ್ಷಮ್ಮನವರದು.

"ಅಲ್ರೀ, ಇನ್ನು ನಾನೆಲ್ಲಿ ಕೂರ್ಲಿ? ಸೈಲೆನ್ಸರ್ ಮೇಲಾ?"

"ನಿಂಗ್ಯಾಕೆ ಈ ಬಿಸಿಲು ಧೂಳೆಲ್ಲ ವಿಶಾಲೂ? ನಿನ್ನ ಆರಾಮದ ಸಲುವಾಗೇ ಹೇಳ್ತಿರೋದು."

"ನನ್ನ ಆರಾಮನ ನನ್ನ ಕೇಳಿದ್ರಾ, ಇಲ್ಲ ಮೌಲಾಲಿನ ಕೇಳಿದ್ರಾ?"

"ಅತ್ತಿಗೆ, ನನ್ನ ಯಾಕೆ ಮಧ್ಯಕ್ಕೆ ಎಳೀತೀರಿ," ಎಂದು ಮೌಲಾಲಿ ಸ್ಪ್ಯಾನರ್ ಎತ್ತಿಕೊಂಡು ದೂರ ಸರಿದ. ವಿಡಿಯೊ ಅಲ್ಲಿಗೆ ನಿಲ್ಲುತ್ತದೆ.

ಮುಂದಿನದು ತಮಗೆ ಗೊತ್ತಿಲ್ಲ, ನನಗೆ ಗೊತ್ತು. ನಾಳೆ ಬೆಳಿಗ್ಗೆ ಗುಜರಿಯವನು ಬರುತ್ತಾನೆ. ಹಳೇ ಪೇಪರು, ತೂತುಬಿದ್ದ ಬಕೆಟ್ಟಿನ ಜೊತೆ ಆ ಸೀಟೂ ಅವನ ಗಾಡಿಗೆ ಏರುತ್ತದೆ. ಡಿಸೆಂಬರಿನಲ್ಲಿ ತಾವು ಒಬ್ಬರೇ ಹುಲಿಯ ಮೇಲೆ ಕನ್ಯಾಕುಮಾರಿಗೆ ಹೊರಡುತ್ತೀರಿ. ವಿಶಾಲಾಕ್ಷಮ್ಮನವರು ರೈಲಿನಲ್ಲಿ ಹೊರಡುತ್ತಾರೆ, ತಮಗಿಂತ ಒಂದು ದಿನ ಮೊದಲೇ ತಲುಪಿ, ಸ್ಟೇಷನ್ನಿನ ಬೆಂಚಿನ ಮೇಲೆ ಬುತ್ತಿ ಗಂಟು ಇಟ್ಟುಕೊಂಡು ಕಾಯುತ್ತಾರೆ. ಅಲ್ಲಿ ತೆಗೆದ ಒಂದು ಫೋಟೊ ನಮ್ಮ ಮನೆಯಲ್ಲಿದೆ. ತಮ್ಮ ಹಿಂದೆ ಸಮುದ್ರ, ತಮ್ಮ ಪಕ್ಕ ಗಾಡಿ. ಅಮ್ಮನವರು ಎರಡು ಮಾರು ದೂರ ನಿಂತಿದ್ದಾರೆ, ಪರಿಚಯವಿಲ್ಲದವರ ಫೋಟೊಕ್ಕೆ ಅಡ್ಡ ಬಂದವರ ಹಾಗೆ.

ಈಗ ನನ್ನ ಅಜ್ಜಿಯ ವಿಷಯ. ತಮ್ಮ ಮೊಮ್ಮಗಳ ಹೆಸರು ಸಾನ್ವಿ. ನಿಮ್ಮಲ್ಲಿ ಅದು ಪುಟ್ಟ ಹುಡುಗಿಯರ ಹೆಸರಂತೆ. ನಮ್ಮಲ್ಲಿ ಸಾನ್ವಿ ಎಂದರೆ ಬೊಚ್ಚುಬಾಯಿ, ಎಲೆಯಡಿಕೆ ಕುಟ್ಟುವ ಕಲ್ಲು ನೆನಪಾಗುತ್ತದೆ. ನಮ್ಮ ತೊಟ್ಟಿಲಲ್ಲಿ ಮಲಗಿರುವವರೆಲ್ಲ ಹಾಲಮ್ಮ, ದುರುಗಪ್ಪಂದಿರು. ಸಾನ್ವಜ್ಜಿಗೆ ಈಗ ತೊಂಬತ್ಮೂರು. ಚಿಕ್ಕವಳಿದ್ದಾಗ ತಾವು ಅವಳನ್ನು ಟ್ಯಾಂಕಿನ ಮೇಲೆ ಕೂರಿಸಿ ಬೀದಿ ಸುತ್ತಿಸುತ್ತಿದ್ದಿರಂತೆ. ಆಗ ಬಾಗಿಲಲ್ಲಿ ನಿಂತು ನೋಡುತ್ತಿದ್ದ ವಿಶಾಲಾಕ್ಷಮ್ಮನವರು ಒಂದು ದಿನ ಅವಳ ಜಡೆ ಹೆಣೆಯುತ್ತ ಹೇಳಿದರಂತೆ: "ಈ ಎಮ್ಮೆ ಮೇಲೆ ಕೂತು ಒಂದ್ಸಲನಾದ್ರೂ ಹರಿಹರದ ಹೊಳೆ ದಾಟ್ಬೇಕು ಅಂತಿತ್ತು ಕಣೆ. ನನ್ನ ಹಣೇಲಿ ಬರೀಲಿಲ್ಲ. ನನ್ನ ಲೆಕ್ಕದಾಗೆ ನೀನು ಕೂರು."

ಸಾನ್ವಜ್ಜಿ ಆ ಮಾತನ್ನು ಎಂಬತ್ತೇಳು ವರ್ಷ ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು ಬಂದು, ಹೋದ ತಿಂಗಳು ನನ್ನ ಮುಂದೆ ಬಿಚ್ಚಿದಳು. "ಭರ್ಮ, ಈ ಹೊಗೆಹಬ್ಬಕ್ಕೆ ನನ್ನ ಹರಿಹರಕ್ಕೆ ಕರ್ಕೊಂಡು ಹೋಗು. ಮುಂದಿನ ಹಬ್ಬ ನಾನು ನೋಡ್ತೀನೋ ಇಲ್ವೋ, ನೀನೇನು ಬರ್ಕೊಟ್ಟಿದ್ದೀಯಾ?" ಎಂದಳು. ದಾರಿ ಹದಿನಾಲ್ಕು ಕಿಲೊಮೀಟರು. ಕಷ್ಟ ಏನೆಂದರೆ ಎಮ್ಮೆಯ ಬೆನ್ನ ಮೇಲೆ ಹಿಂದಿನ ಸೀಟೇ ಇಲ್ಲ. ಹೊಸದು ಮಾಡಿಸೋಣವೆಂದರೆ ಹಬ್ಬದ ಅಧಿಕಾರಿಣಿ ಒಪ್ಪುವುದಿಲ್ಲ. ಗಾಡಿಯ ಮೈಮೇಲೆ ಇರುವ ಪ್ರತಿಯೊಂದೂ ಅದರ ಮೊದಲ ಯಜಮಾನನ ಕಾಲದ್ದೇ ಆಗಿರಬೇಕು. ಬಂದು ನೋಡಿ, ತಮ್ಮ ಲಗೇಜ್ ಕ್ಯಾರಿಯರನ್ನು ಬೆರಳಿನಿಂದ ತಟ್ಟಿ, "ಇದು ಅಸಲಿ. ಅಜ್ಜಿಯನ್ನ ಇದಕ್ಕೇ ಕಟ್ಟಿಕೊಂಡು ಹೋಗ್ತೀರೇನು?" ಎಂದು ಕೇಳಿದರು. ಸಾನ್ವಜ್ಜಿ ಒಳಗಿಂದ, "ಹಗ್ಗ ಗಟ್ಟಿ ಇದ್ರೆ ನಂದೇನು ಅಡ್ಡಿ ಇಲ್ಲ" ಎಂದಳು. ಅವಳು ತಮಾಷೆಗೆ ಹೇಳಲಿಲ್ಲ ಎನ್ನುವುದೇ ನನ್ನ ಹೆದರಿಕೆ.

ಆದ್ದರಿಂದ ಜನ್ಮಕ್ಕೊಂದೇ ಎಂಬ ನನ್ನ ಕೋರಿಕೆಯನ್ನು ಈಗ ತಮ್ಮ ಪಾದದಲ್ಲಿ ಇಡುತ್ತೇನೆ. ನಾಳೆ ಗುಜರಿಯವನು ಬಂದಾಗ ಬಕೆಟ್ಟು ಕೊಡಿ, ಪೇಪರು ಕೊಡಿ, ಸೀಟು ಮಾತ್ರ ಕೊಡಬೇಡಿ. ಒರೆಸಿ, ಗೋಣಿಚೀಲ ಸುತ್ತಿ, ಬಾತ್‌ರೂಮಿನ ಮೇಲಿನ ಅಟ್ಟದಲ್ಲಿ ಹಿಂದಕ್ಕೆ ತಳ್ಳಿಡಿ. ನಾವು ಈಗಲೂ ಇರುವುದು ಅದೇ ಮನೆಯಲ್ಲಿ. ಹೊಚ್ಚ ಹೊಸದಾಗಿಯೇ ಇರಲಿ. ಅದರ ಮೇಲೆ ನೊಣವನ್ನೂ ಕೂರಲು ಬಿಡಬೇಡಿ. ತಾವು ತಮ್ಮ ಜೆಲ್ ಸೀಟಿನ ಮೇಲೆ ಸುಖವಾಗಿರಿ. ಇನ್ನೇನನ್ನೂ ಬದಲಾಯಿಸಬೇಕಿಲ್ಲ.

ಇಷ್ಟು ಬರೆದು ಪೆನ್ನು ಕೆಳಗಿಟ್ಟೆ. ಗೌರಕ್ಕನ ಮಾತು ನೆನಪಾಗಿ, ನೋಡಿಯೇಬಿಡೋಣ ಎಂದು ಸ್ಟೂಲು ಹಾಕಿಕೊಂಡು ಅಟ್ಟ ಹತ್ತಿದೆ. ಹೋದ ವಾರವಷ್ಟೇ ನಾನೇ ಗುಡಿಸಿದ್ದ ಅಟ್ಟ. ಜೇಡ ಬಿಟ್ಟರೆ ಏನೂ ಇರಲಿಲ್ಲ. ಈಗ ಮೂಲೆಯಲ್ಲಿ ಒಂದು ಗೋಣಿಚೀಲದ ಗಂಟು ಇತ್ತು.

ಕೆಳಗಿಳಿಸಿ ಬಿಚ್ಚಿದೆ. ಅಜ್ಜನವರೇ, ತಾವು ನನ್ನ ಮಾತನ್ನು ಒಂದಿಷ್ಟೂ ಕೇಳಿಲ್ಲ.

ಸೀಟೇನೋ ಅದೇ. ಹೊಸದಾಗಿ ಮಾತ್ರ ಇಲ್ಲ. ನಡುವೆ ಹಳ್ಳ ಬಿದ್ದಿದೆ, ಅಂಚು ಸವೆದು ಬಿಳಚಿದೆ, ರೆಕ್ಸಿನ್ನಿಗೆ ಮೂರು ಕಡೆ ತೇಪೆ, ಮೂರೂ ಬೇರೆ ಬೇರೆ ಬಣ್ಣದ ದಾರದಲ್ಲಿ. ಸಾವಿರಾರು ಮೈಲಿ ಯಾರೋ ಒಬ್ಬರೇ ಕೂತು ಕೂತು ತಮ್ಮದೇ ಅಳತೆಗೆ ಮಾಡಿಕೊಂಡ ಸೀಟು ಅದು. ಅಷ್ಟೇ ಅಲ್ಲ, ನಾನು ಕೇಳದೇ ಇದ್ದ ಒಂದು ಬ್ಯಾಕ್‌ರೆಸ್ಟ್ ಕೂಡ ಅದರ ಬೆನ್ನಿಗಿದೆ, ಒಳ್ಳೆ ದಪ್ಪ ಸ್ಪಂಜಿನದು. ಅದರ ಹಿಂಬದಿಯಲ್ಲಿ ಸೂಜಿಯಿಂದ ಹೊಲಿದಿದ್ದಾರೆ: "ಅತ್ತಿಗೆಗೆ, ಮೌಲಾಲಿ." ಪಾಪ, ಅವನ ಪ್ರಾಯಶ್ಚಿತ್ತ.

ನಾನು ಓಡಿಹೋಗಿ ಸಾನ್ವಜ್ಜಿಗೆ ತೋರಿಸಿ, "ಅಜ್ಜಿ, ನಿನ್ನ ಅಜ್ಜಿ ರೈಲಲ್ಲಿ ಕನ್ಯಾಕುಮಾರಿಗೆ ಹೋಗಿದ್ರು ಅಂತಿದ್ಯಲ್ಲ" ಎಂದೆ.

"ಯಾವ ರೈಲೋ?" ಎಂದು ಅವಳು ನನ್ನನ್ನೇ ಗದರಿಸಿದಳು. "ಇಡೀ ದಾರಿ ಇದರ ಮೇಲೇ ಕೂತು ಹೋಗಿದ್ದು. ಬ್ಯಾಕ್‌ರೆಸ್ಟು ಎಷ್ಟು ಆರಾಮ ಇತ್ತಂದ್ರೆ ಮಧುರೈ ದಾಟೋವರೆಗೆ ಗೊರಕೆ ಹೊಡೆದ್ಲಂತೆ. ಅಜ್ಜ ದಾರಿ ತಪ್ಪಿದ್ದೇ ಆ ಗೊರಕೆ ಕೇಳ್ಕಂತ. ನಿಂಗೆ ತಲೆ ಸರಿ ಇದೆ ತಾನೆ? ಒಂದ್ಸಲ ಕುಲುಕುಮನೆಗೆ ಹೋಗಿ ಬಾ."

ಗೋಡೆ ನೋಡಿದೆ. ಫೋಟೊ ಅಲ್ಲೇ ಇದೆ. ಹಿಂದೆ ಸಮುದ್ರ, ಮುಂದೆ ಎಮ್ಮೆ. ಅಮ್ಮನವರು ಹಿಂದಿನ ಸೀಟಿನಲ್ಲಿ ಬ್ಯಾಕ್‌ರೆಸ್ಟಿಗೆ ಒರಗಿ, ರಾಣಿಯ ಹಾಗೆ ಕಾಲಮೇಲೆ ಕಾಲು ಹಾಕಿದ್ದಾರೆ. ಎರಡು ಮಾರು ದೂರ ನಿಂತಿರುವವರು ಈಗ ತಾವು, ಕೈಯಲ್ಲಿ ಬುತ್ತಿ ಗಂಟು. ವಿಡಿಯೊಗಳ ಸಂಖ್ಯೆಯೂ ಇನ್ನೂರು ದಾಟಿದೆ. ನೂರಾ ಹದಿಮೂರನೆಯದು ಅವರ ದನಿಯಲ್ಲೇ ಶುರುವಾಗುತ್ತದೆ: "ನಮಸ್ಕಾರ ಗೆಳೆಯರೇ, ಇವರು ಮತ್ತೆ ದಾರಿ ತಪ್ಪಿಸಿದ್ದಾರೆ." ಅದನ್ನು ಒಂದು ಲಕ್ಷ ಜನ ನೋಡಿದ್ದಾರೆ.

ಅಧಿಕಾರಿಣಿ ಬಂದು ಸೀಟಿನ ತೇಪೆಗಳನ್ನು ಮುಟ್ಟಿ ನೋಡಿ, ಮುದ್ರೆ ಒತ್ತಿ ಹೋದರು. ಸಾನ್ವಜ್ಜಿ ಈಗಲೇ ಹೆಲ್ಮೆಟ್ ಹಾಕಿಕೊಂಡು ಜಗುಲಿಯಲ್ಲಿ ಕೂತಿದ್ದಾಳೆ. ಇನ್ನೂ ಒಂಬತ್ತು ದಿನ ಇದೆ ಎಂದರೆ ಕೇಳುವುದಿಲ್ಲ.

ನಾನೀಗ ಅಂಚೆಗೆ ಓಡಬೇಕು. ಈ ಕಾಗದ ಹೋಗದಿದ್ದರೆ ಅಮ್ಮನವರು ಮತ್ತೆ ರೈಲು ಹತ್ತಿಬಿಡುತ್ತಾರೆ. ಮೇಲಿನ ನನ್ನ ಕೋರಿಕೆಯನ್ನು ಹೊಡೆದುಹಾಕಿಲ್ಲ, ಇದ್ದ ಹಾಗೇ ಬಿಟ್ಟಿದ್ದೇನೆ. ಗುಜರಿಗೆ ಕೊಡಬೇಡಿ ಎಂದದ್ದನ್ನು ನಡೆಸಿಕೊಡಿ. ಅಟ್ಟಕ್ಕೆ ಹಾಕಿ, ಯಾರನ್ನೂ ಕೂರಿಸಬೇಡಿ ಎಂದದ್ದನ್ನು ದಯವಿಟ್ಟು ಮೀರಿ. ಹೊರಗೆ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಅದು ಇನ್ನೂ ಬಿದ್ದಿರುತ್ತದೆ, ಒಳಗೆ ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ಸ್ವಲ್ಪ ಜೋರಾಗಿಯೇ ಇರುತ್ತದೆ. ಮೌಲಾಲಿಗೆ ಫೋನು ಮಾಡಿ. ಬೋಲ್ಟು ನಾಲ್ಕೇ.

ಆಮೇಲೆ ಅಜ್ಜನವರೇ, ಆ ಜೆಲ್ ಸೀಟಿನ ಮೇಲೆ ಸ್ವಲ್ಪ ಮುಂದೆ ಸರಿದು ಕೂತುಕೊಳ್ಳಿ.

ಇಂತಿ,
ಹರಿಹರದ ದಾರಿ ಕಾಯುತ್ತಿರುವ
ಭರ್ಮಪ್ಪ