ಲಾಲಪ್ಪನ ಕೊನೆಯ ಮಾತಿಗೆ ದುಭಾಷಿ ಯಾರು?

ಮಾನ್ಯ ಪೊಲೀಸ್ ಮುಖ್ಯಾಧಿಕಾರಿಗಳೇ,

ನಮ್ಮ ಗ್ರಂಥಾಲಯದ ಕಾವಲುಗಾರ ಲಾಲಪ್ಪನ ಮುಖಕ್ಕೆ ಹಾರೆ ಬೀಸಿದವನನ್ನೇ ನಿಮ್ಮವರು ಅವನ ಆಸ್ಪತ್ರೆಯ ಮಂಚದ ಪಕ್ಕ ದುಭಾಷಿಯಾಗಿ ಕೂರಿಸಿದರು. ಇದು ನನ್ನ ದೂರು. ಇದನ್ನು ಮರಾಠಿಯಲ್ಲೂ ಇಂಗ್ಲಿಷಿನಲ್ಲೂ ಬರೆದುಕೊಟ್ಟಿದ್ದೆ. ನಿಮ್ಮ ಕಚೇರಿ ಎರಡಕ್ಕೂ ಮೊಹರು ಒತ್ತಿ, ಎರಡನ್ನೂ ಮರೆಯಿತು. ಹಾಗಾಗಿ ಈಗ ಕನ್ನಡ ಬಲ್ಲವರೆಲ್ಲ ಓದಲಿ ಎಂದು ಪತ್ರಿಕೆಗೇ ಬರೆಯುತ್ತಿದ್ದೇನೆ.

ಮೊದಲು ನನ್ನ ಘೋರ ಅಪರಾಧವನ್ನು ಹೇಳಿಬಿಡುತ್ತೇನೆ. ಪುಣೆಯ ಒಂದು ಸಣ್ಣ ಖಾಸಗಿ ಗ್ರಂಥಾಲಯದಲ್ಲಿ ಕೂತು ನಾನು ಆಫ್ರಿಕಾದ ಇತಿಹಾಸ ಓದುತ್ತೇನೆ. ಬಿಳಿಯರ ಸರಕಾರ ಕಾಲಿಡುವ ಮುನ್ನ ಅಲ್ಲಿನ ಒಳನಾಡಿನ ಜನ ಹೇಗೆ ಬದುಕಿದ್ದರು, ಯಾರ ಕೈಯಲ್ಲಿ ಸತ್ತರು ಎಂದು ತಿಳಿಯಲು ಹಲವು ಕಡೆ ಬರಹದಲ್ಲಿ ಉಳಿದಿರುವುದು ಪಾದ್ರಿಗಳ ದಿನಚರಿ ಮಾತ್ರ. ಅವುಗಳ ನಕಲುಗಳನ್ನು ದೂರದೂರದಿಂದ ಬೇಡಿ ತರಿಸಿಕೊಂಡಿದ್ದೆ. ಈ ೧೯೯೯ರ ಮಾರ್ಚ್ ತಿಂಗಳಲ್ಲಿ ಉಪನ್ಯಾಸವಿದೆಯೆಂದು ಗೇಟಿಗೆ ಫಲಕ ಹಾಕಿದೆವು: 'ಮಿಷನರಿಗಳ ದಿನಚರಿಗಳು ಮತ್ತು ಆಫ್ರಿಕಾದ ಇತಿಹಾಸ'. ಮೊದಲ ಪದಕ್ಕೇ ಕೆಲವರ ರಕ್ತ ಕುದಿಯಿತು. ಆಫ್ರಿಕಾದ ತನಕ ಓದುವ ವ್ಯವಧಾನ ಯಾರಿಗಿತ್ತು? ಮತಾಂತರದ ಪುಸ್ತಕ ಹಂಚುತ್ತಾರೆಂದು ಗುಲ್ಲೆಬ್ಬಿಸಿ, ಹಾಡಹಗಲೇ ಬಡಿಗೆ, ಹಾರೆ, ಸೀಮೆಎಣ್ಣೆ ಹಿಡಿದು ಬಂದರು.

ಗೇಟಿನಲ್ಲಿದ್ದವನು ಲಾಲಪ್ಪ. ಯಾದಗಿರಿ ಕಡೆಯ ಗೌಂಡಿ. ನಮ್ಮ ಕಟ್ಟಡದ ಮೇಲಂತಸ್ತು ಕಟ್ಟುತ್ತ, ಹೆಂಡತಿ ಮಾನಮ್ಮನೊಡನೆ ಅಲ್ಲೇ ತಗಡಿನ ಶೆಡ್ಡಿನಲ್ಲಿದ್ದು ಕಾವಲನ್ನೂ ಕಾಯುತ್ತಿದ್ದ. "ಬಾಯಿಯವ್ರು ಒಳಗ ಅದಾರ್ರೀ, ಅವ್ರನ್ನ ಕೇಳಿ ಬರ್ತೀನಿ, ತಡೀರ್ರಿ" ಎಂದದ್ದಷ್ಟೇ ಅವನ ತಪ್ಪು. ಕಲ್ಲು ಬಿತ್ತು, ಬಡಿಗೆ ಬಿತ್ತು. ನನ್ನನ್ನು ಓದುವ ಕೋಣೆಯಲ್ಲಿ ಕೂಡಿಹಾಕಿ ಹೊರಗಿನಿಂದ ಚಿಲಕ ಹಾಕಿದರು. ಪಕ್ಕದ ಕೋಣೆಯ ಕಪಾಟುಗಳನ್ನು ಉರುಳಿಸಿ ಬೆಂಕಿಯಿಟ್ಟರು. ಹೊಗೆಯಲ್ಲಿ ಕೆಮ್ಮುತ್ತ ಲಾಲಪ್ಪನ ಕೂಗು ಕೇಳಿದೆ. ಆಮೇಲೆ ಆ ಕೂಗು ನಿಂತುಹೋಯಿತು. ಹಾರೆ ಬೀಸಿದ್ದನ್ನು ನಾನು ನೋಡಲಿಲ್ಲ, ನೋಡಿದೆನೆಂದು ಹೇಳುವುದೂ ಇಲ್ಲ. ಉಸುಕಿನ ರಾಶಿಯ ಹಿಂದಿನಿಂದ ನೋಡಿದವಳು ಮಾನಮ್ಮ. ಅಕ್ಕಪಕ್ಕದವರು ಬಾಗಿಲೊಡೆದು ನನ್ನನ್ನು ಹೊರಗೆ ತಂದಾಗ ಅವನ ಒಂದು ಕಣ್ಣಿದ್ದ ಜಾಗದಲ್ಲಿ ಕಣ್ಣಿರಲಿಲ್ಲ. ಮೆಟ್ಟಿಲ ಮೇಲಿನ ರಕ್ತಕ್ಕೆ ಅರೆಸುಟ್ಟ ಹಾಳೆಗಳು ಅಂಟಿಕೊಂಡಿದ್ದವು.

ಎಲ್ಲ ಮುಗಿದ ಮೇಲೆ ನಿಮ್ಮವರು ದಯಮಾಡಿಸಿದರು. "ಬಾಯಿ, ಆಫ್ರಿಕೇಶೀ ತುಮಚಾ ಕಾಯ್ ಸಂಬಂಧ?" ಎಂದು ಇನ್ಸ್‌ಪೆಕ್ಟರರು ನನ್ನನ್ನೇ ಗದರಿದರು. ಆಫ್ರಿಕಾಕ್ಕೂ ನನಗೂ ಏನು ಸಂಬಂಧವಂತೆ! ಪ್ರಚೋದನೆ ಕೊಟ್ಟವಳೆಂದು ನನ್ನ ಮೇಲೆ ಕೇಸು ಹಾಕಿದರು. ಅಲ್ಲಿಗೆ ನನ್ನ ಮಾತಿಗೆ ಬೆಲೆಯಿಲ್ಲದಾಯಿತು.

ಆಸ್ಪತ್ರೆಯಲ್ಲಿ ಲಾಲಪ್ಪನಿಗೆ ಎಚ್ಚರವಾಯಿತು. ಅವನಿಗೆ ಮರಾಠಿ ಬಾರದು, ಬರೆದುಕೊಳ್ಳುವವರಿಗೆ ಕನ್ನಡ ಬಾರದು. ಕನ್ನಡ ಬಲ್ಲವರಿದ್ದೀರಾ ಎಂದು ನಿಮ್ಮವರು ಹೊರಗೆ ಕೂಗಿದರೆ ಎದ್ದು ಬಂದವನು ದೇವಾನಂದ. ನಮ್ಮ ಓಣಿಯ ಹಾರ್ಡ್‌ವೇರ್ ಅಂಗಡಿಯವನು, ಎರಡೂ ಭಾಷೆ ಬಲ್ಲವನು, ಆ ದಿನ ಗುಂಪಿನ ಮುಂದಾಳು. ಲಾಲಪ್ಪ ಏನು ಬಾಯಿಬಿಡುತ್ತಾನೋ ಎಂದು ಕಾದು ಕೂತಿದ್ದನೇನೋ. ಮುಂದೇನಾಯಿತೆಂದು ಹೇಳಬಲ್ಲವಳು ಮಾನಮ್ಮ. ಸಂತೆ, ರೇಷನ್ ಎಂದು ಅಲೆದು ಅವಳಿಗೆ ಮರಾಠಿ ತಿಳಿಯುತ್ತದೆ; ಮಂಚದ ಪಕ್ಕದಲ್ಲೇ ಇದ್ದರೂ ನಿಮ್ಮವರು ಅವಳನ್ನು ಕೇಳಲಿಲ್ಲ.

"ಇವನೇ ಹಾರಿಲೆ ಹೊಡದಾಂವ ಅಂತ ನನ್ನ ಗಂಡ ಬೊಟ್ಟು ಮಾಡಿದ್ರೀ. ಆ ದೇವಾನಂದ ಪೊಲೀಸರಿಗೆ ಏನ್ ಹೇಳ್ದ ಗೊತ್ತದ ಏನ್ರೀ? 'ಕಪಾಟು ಬಿದ್ದು ಪೆಟ್ಟಾತು, ಇವರೇ ನನ್ನ ಎತ್ತಿ ದವಾಖಾನಿಗೆ ತಂದ್ರು' ಅಂತ ಇಂವ ಅನ್ನಾಕತ್ತಾನ, ಅಂದ. ಸುಳ್ಳದ ಅಂತ ನಾ ಎರಡೂ ಮಾತಿನಾಗ ಒದರಿದೆ. ನನ್ನ ಹೊರಗ ದಬ್ಬಿದ್ರು."

ಆ ಕಾಗದಕ್ಕೆ ಲಾಲಪ್ಪನ ಹೆಬ್ಬೆಟ್ಟು ಒತ್ತಿಸಿಕೊಂಡರು. ಮರುದಿನ ಅವನು ಸತ್ತ. ತನ್ನನ್ನು ಕೊಂದವನಿಗೆ ಉಪಕಾರ ಸ್ಮರಿಸಿ ಸತ್ತ ಮನುಷ್ಯನನ್ನು ಸೃಷ್ಟಿಸಿದ ಕೀರ್ತಿ ನಿಮ್ಮ ಇಲಾಖೆಗೆ ಸಲ್ಲಬೇಕು!

ಸುಟ್ಟುಹೋದ ದಿನಚರಿಯೊಂದರಲ್ಲಿ ಒಬ್ಬ ಪಾದ್ರಿ ಬರೆದಿದ್ದ: ನದಿಯಾಚೆಯ ಹಳ್ಳಿಯಲ್ಲಿ ಕಳ್ಳರಿಗೆ ಶಿಕ್ಷೆಯಾಯಿತು, ಹೊಗೆ ಇಲ್ಲಿಗೂ ಕಂಡಿತು. ಅವನು ಸುಳ್ಳುಗಾರನಲ್ಲ. ಆ ಜನರ ಭಾಷೆ ಅವನಿಗೆ ಬಾರದು, ಅವನ ದುಭಾಷಿ ಆ ಹಳ್ಳಿಗೆ ಬೆಂಕಿಯಿಟ್ಟ ಒಡೆಯನ ಆಳು. ಇನ್ನೊಂದು ಊರಿನ ಪಾದ್ರಿಯ ಬಳಿಗೆ ಅದೇ ಹಳ್ಳಿಯಿಂದ ಬೆನ್ನು ಸುಟ್ಟ ಹೆಂಗಸೊಬ್ಬಳು ಓಡಿ ಬಂದಳು. ಅಲ್ಲಿ ಅವಳ ಮಾತು ಬಲ್ಲವರಿದ್ದರು. ನಾವು ಕಳ್ಳರಲ್ಲ, ಗುಲಾಮರನ್ನು ಮಾರುವವರಿಗೆ ಮಕ್ಕಳನ್ನು ಕೊಡಲಿಲ್ಲ, ಅದಕ್ಕೇ ಗಂಡಸರ ಕತ್ತು ಕಡಿದರು ಎಂದಳು. ಎರಡು ದಿನಚರಿಗಳನ್ನು ಎದುರುಬದುರು ಇಟ್ಟಾಗಲೇ ಕೊಲೆ ಕೊಲೆಯಾಗಿ ಕಂಡದ್ದು. ಆಫ್ರಿಕಾಕ್ಕೂ ನನಗೂ ಇರುವ ಸಂಬಂಧ ಇದು, ಸಾಹೇಬರೇ. ಆ ಪಾದ್ರಿಗೆ ಬೇರೆ ದುಭಾಷಿ ಸಿಕ್ಕಿರಲಿಲ್ಲ. ನಿಮಗೇನಾಗಿತ್ತು? ಸ್ವಾರಗೇಟಿನ ಬಸ್ ನಿಲ್ದಾಣದಲ್ಲಿ ನಿಂತು ಕೂಗಿದ್ದರೆ ವಿಜಾಪುರದ ಬಸ್ಸಿನಿಂದ ಬೇಕಾದಷ್ಟು ಜನ ಇಳಿದು ಬರುತ್ತಿರಲಿಲ್ಲವೇ?

ಹಾಳೆಗಳು ಸುಟ್ಟದ್ದಕ್ಕೆ ಅತ್ತಿದ್ದೇನೆ. ಆದರೆ ನಕಲುಗಳನ್ನು ಮತ್ತೆ ತರಿಸಬಹುದು. ಆ ಹೆಬ್ಬೆಟ್ಟನ್ನು ಅಳಿಸಲು ಲಾಲಪ್ಪ ಮಾತ್ರ ಎದ್ದು ಬರಲಾರ. ಮುಂದೆಂದೋ ನನ್ನಂಥವರು ನಿಮ್ಮ ಕಡತ ತೆಗೆದರೆ, ಲಾಲಪ್ಪ ಕಪಾಟು ಬಿದ್ದು ಸತ್ತ ಎಂದೇ ನಂಬುತ್ತಾರೆ.

ಮಾನಮ್ಮ ಇನ್ನೂ ಅದೇ ಶೆಡ್ಡಿನಲ್ಲಿದ್ದಾಳೆ. ದೇವಾನಂದನ ಕಡೆಯವರು ಬಂದು, ಊರು ಬಿಡದಿದ್ದರೆ ಶೆಡ್ಡಿಗೂ ಸೀಮೆಎಣ್ಣೆ ಸುರಿಯುತ್ತೇವೆ ಎನ್ನುತ್ತಿದ್ದಾರೆ. "ಹೇಳಿ ಹೋಗ್ತೀನ್ರೀ, ಹೇಳ್ಲಾರದ ಹೋಗಂಗಿಲ್ಲ" ಎಂದು ಅವಳು ಕೂತಿದ್ದಾಳೆ. ಅವಳಿಗೆ ಇಂದೇ ರಕ್ಷಣೆ ಕೊಡಿ. ಅವಳ ಹೇಳಿಕೆಯನ್ನು ಅವಳ ಮಾತಿನಲ್ಲೇ ಬರೆದುಕೊಳ್ಳಿ. ದೇವಾನಂದನನ್ನು ದುಭಾಷಿಯ ಕುರ್ಚಿಯಿಂದ ಎಬ್ಬಿಸಿ ಕಟಕಟೆಯಲ್ಲಿ ನಿಲ್ಲಿಸಿ.

ಈ ಪತ್ರವನ್ನು ಬೇಕೆಂದೇ ಕನ್ನಡದಲ್ಲಿ ಬರೆದಿದ್ದೇನೆ. ಓದಿ ಹೇಳಲು ನೀವು ಯಾರನ್ನಾದರೂ ಕರೆಸಲೇಬೇಕು. ಮತ್ತೆ ದೇವಾನಂದನನ್ನೇ ಕರೆಸಿದಿರಾದರೆ, ಶಿವಕಾಂತಾಬಾಯಿ ನಿಮಗೆ ಧನ್ಯವಾದ ಹೇಳಿದ್ದಾರೆ ಎಂದು ಓದಿ ಹೇಳುತ್ತಾನೆ.

ಇಂತಿ,
ನಿಮ್ಮ ಕಡತದಲ್ಲಿ 'ಪ್ರಚೋದನೆ' ಎಂದು ನಮೂದಾಗಿರುವ
ಶಿವಕಾಂತಾ
ಕೋಥರೂಡ, ಪುಣೆ