ಚಾಪೆಯ ಆಚೆ ಕಡೆಯಿಂದ ಬಂದ ಮಾತು

ರಾಜಾಜಿನಗರ, ಬೆಂಗಳೂರು
೧೨ ಫೆಬ್ರವರಿ ೧೯೫೭

ಪ್ರೀತಿಯ ತಮ್ಮ ಮರಿಯಪ್ಪನಿಗೆ ನಿನ್ನ ಅಕ್ಕ ಲಿಂಗಮ್ಮ ಮನಸಾರೆ ಮಾಡುವ ಆಶೀರ್ವಾದ.

ಹೇಗಿದ್ದೀಯಪ್ಪ? ಮದ್ರಾಸಿನ ಬಿಸಿಲು ನಿನ್ನ ಮೈಗೆ ಒಗ್ಗಿತೇ? ಹೋಟೆಲಿನ ಊಟ ನಿನಗೆ ಆಗುವುದಿಲ್ಲ, ಹೊಟ್ಟೆ ಕೆಡಿಸಿಕೊಳ್ಳಬೇಡ. ಮಜ್ಜಿಗೆಗೆ ಶುಂಠಿ ಹಾಕಿಸಿಕೊಂಡು ಕುಡಿ. ತಲೆಗೆ ಎಣ್ಣೆ ಹಚ್ಚು, ಹಚ್ಚುವುದಿಲ್ಲ ಅಂತ ಗೊತ್ತು, ಆದರೂ ಹೇಳುತ್ತೇನೆ. ನಾವು ಇಲ್ಲಿ ಕ್ಷೇಮ. ಬರೀ ಕ್ಷೇಮವಲ್ಲ, ಮೊನ್ನೆ ಭಾನುವಾರದಿಂದ ಈ ಮನೆಯಲ್ಲಿ ನಗು ತಡೆಯುವುದಕ್ಕೆ ಆಗುತ್ತಿಲ್ಲ. ಅದಕ್ಕೆಲ್ಲ ಕಾರಣ ನೀನು. ಆದರೆ ಮೊದಲು ನಿನಗೆ ಬೈಯಬೇಕು, ಬೈದ ಮೇಲೆ ಸುದ್ದಿ.

ಅಲ್ಲ ಕಣೋ, ತಾನೇ ತೆಗೆದ ಚಿತ್ರ ತೋರಿಸುವ ದಿನವೇ ಬೆಳಿಗ್ಗೆ ಯಾರಾದರೂ ಊರು ಬಿಟ್ಟು ಓಡುತ್ತಾರೆಯೇ? ‘ಮೂಕಿ ಚಿತ್ರ ಯಾರು ನೋಡ್ತಾರಕ್ಕ, ಮದ್ರಾಸ್‌ಗೆ ಹೋಗಿ ಮಾತು ಸೇರಿಸ್ಕೊಂಡು ಬರ್ತೀನಿ’ ಅಂದೆ. ಹೋಗುವಾಗ ‘ದೇವರ ಪಿಕ್ಚರ್ರು, ಭಾವನ್ನೂ ಕರ್ಕೊಂಡು ತಪ್ಪದೆ ಹೋಗು’ ಅಂತ ನನ್ನ ಕೈ ಹಿಡಿದು ಹೇಳಿದೆ. ನಾನು ಪೆದ್ದಿ, ತೆರೆಯ ಮೇಲೆ ಸ್ವಾಮಿ ಬಂದಾಗ ಆರತಿ ಎತ್ತೋಣ ಅಂತ ಕರ್ಪೂರ, ತೆಂಗಿನಕಾಯಿ ಎಲ್ಲ ಬುಟ್ಟಿಗೆ ಹಾಕಿಕೊಂಡು ಹೋದೆ!

ಆ ಹೊತ್ತಿಗೆ ನಾನೂ ನಿನ್ನ ಭಾವನೂ ಮಾತು ಬಿಟ್ಟು ಎಷ್ಟು ಕಾಲವಾಗಿತ್ತು ಅಂತ ನಿನಗಿಂತ ಚೆನ್ನಾಗಿ ಬಲ್ಲವರು ಯಾರು? ಸಂಕ್ರಾಂತಿಯ ಎಳ್ಳು ಬೀರುವಾಗಲೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಬೆಳಿಗ್ಗೆ ಕ್ಯಾರಿಯರಿನಲ್ಲಿ ಮುದ್ದೆ, ಸಾರು ತುಂಬಿ ಕೊಟ್ಟರೆ ಸಂಜೆ ಫ್ಯಾಕ್ಟರಿಯಿಂದ ಹಾಗೆಯೇ ವಾಪಸ್ಸು ಬರುತ್ತಿತ್ತು. ಯಾವಳೋ ಇವರಿಗೆ ಊಟ ಹಾಕುತ್ತಿದ್ದಾಳೆ ಅಂತ ನನ್ನ ಹೊಟ್ಟೆಗೆ ಬೆಂಕಿ ಬಿದ್ದಿತ್ತು. ಗಂಟು ಕಟ್ಟಿಕೊಂಡು ಮಾರೇನಹಳ್ಳಿಗೆ, ಅಪ್ಪನ ಮನೆಗೆ ಹೊರಟುಬಿಡುತ್ತೇನೆ ಅಂತ ನಿನ್ನ ಮುಂದೆ ಅತ್ತೆ. ಯಾರಿಗೂ ಹೇಳಕೂಡದು ಅಂತ ಅಮ್ಮನ ಆಣೆ ಇಟ್ಟೆ. ನಿನ್ನ ಭಾವನೂ ನಿನ್ನ ಹತ್ತಿರ ಬಂದು ತಮ್ಮ ಸಂಕಟ ತೋಡಿಕೊಂಡು, ಅಂಥದೇ ಆಣೆ ಇಟ್ಟಿದ್ದರು ಅಂತ ನನಗೇನು ಗೊತ್ತು!

ಸರಿ, ಭಾನುವಾರ ದೀಪ ಹಚ್ಚುವ ಹೊತ್ತಿಗೆ ಮುನಿವೆಂಕಟಪ್ಪನವರ ಸಿನಿಮಾ ಟೆಂಟಿಗೆ ಹೋದೆವು. ಆ ಟೆಂಟಿನ ಪದ್ಧತಿ ನಿನಗೆ ಗೊತ್ತೇ ಇದೆ, ನಡುವೆ ಚಾಪೆ ಕಟ್ಟಿ ಗಂಡಸರು ಆ ಕಡೆ, ಹೆಂಗಸರು ಈ ಕಡೆ. ನಮಗೂ ಅದೇ ಬೇಕಾಗಿತ್ತು. ನನ್ನ ಒಂದು ಪಕ್ಕದಲ್ಲಿ ಹೆರಿಗೆ ನರ್ಸ್ ವಿಮಲಮ್ಮ, ಇನ್ನೊಂದು ಪಕ್ಕದಲ್ಲಿ ಅವರ ತಂಗಿ ಜಯದೇವಿ, ನಿನ್ನ ಚಿತ್ರದ ನಾಯಕಿ. ಅವಳ ಮುಖ ಆಗಲೇ ಕೆಂಪಾಗಿತ್ತು.

ದೀಪ ಆರಿತು. ಸ್ವಾಮಿ ಬರಲಿಲ್ಲ, ಹಾಡು ಬರಲಿಲ್ಲ, ಕತ್ತಿವರಸೆಯೂ ಇಲ್ಲ. ಬಂದದ್ದು ಒಂದು ಅಡುಗೆಮನೆ, ಒಂದು ಕ್ಯಾರಿಯರು, ಮುಖ ಊದಿಸಿಕೊಂಡ ಗಂಡ ಹೆಂಡತಿ. ಜನ ಸ್ವಲ್ಪ ಹೊತ್ತು ಗೊಣಗಿದರು. ಆಮೇಲೆ ಆ ಗಂಡ ತನ್ನ ಹೆಂಡತಿಯ ಸೀರೆಯ ಅಂಚಿನಲ್ಲಿ ಕರೀ ಗ್ರೀಸು ನೋಡಿ ಬೆಚ್ಚಿದ. ಅವಳು ದಿನಾ ಮಧ್ಯಾಹ್ನ ಮನೆಗೆ ಬೀಗ ಹಾಕುವುದನ್ನು ಪಕ್ಕದ ಮನೆಯವಳು ಕೈಸನ್ನೆ ಮಾಡಿ ಅವನಿಗೆ ತಿಳಿಸಿದಳು. ಫ್ಯಾಕ್ಟರಿಯ ಗೋಡೆಗೆ ಒರಗಿ ಕೂತವನು ಒಂದು ತುತ್ತು ಬಾಯಿಗಿಟ್ಟು, ನುಂಗಲಾರದೆ ಮುಚ್ಚಳ ಮುಚ್ಚಿದ. ಅಯ್ಯೋ, ಇದು ನಮ್ಮ ಮನೆ! ಅದು ನನ್ನ ಕ್ಯಾರಿಯರು!

ಮಾತಿಲ್ಲದ ಚಿತ್ರಕ್ಕೆ ಜನರೇ ಮಾತು ಕೊಡಲು ಶುರು ಮಾಡಿದರು ಕಣೋ. ಈ ಕಡೆಯಿಂದ ಅಕ್ಕಯ್ಯಮ್ಮ, ನಮ್ಮ ಪಕ್ಕದ ಮನೆಯವಳೇ, ತೆರೆಯ ಮೇಲೆ ಚಾಡಿ ಹೇಳಿದವಳಿಗೆ ‘ನಿನ್ನ ಬಾಯಿಗೆ ಮಣ್ಣಾಕ!’ ಅಂತ ಶಾಪ ಹಾಕಿದಳು. ಆ ಚಾಡಿ ಹೇಳಿದವಳು ತಾನೇ ಅಂತ ಅವಳಿಗೆ ಇವತ್ತಿಗೂ ಹೊಳೆದಿಲ್ಲ. ಆ ಕಡೆಯಿಂದ ಗಂಡಸರು ‘ಬಾಯ್ಬಿಟ್ಟು ಕೇಳೋ ಅವಳನ್ನ!’ ಅಂತ ಕೂಗಿದರು. ಅಷ್ಟರಲ್ಲಿ ಜಯದೇವಿ ತೆರೆಯ ಮೇಲೆ ಖಾಲಿ ಸೈಟಿನಲ್ಲಿ ಸೀರೆ ಎತ್ತಿ ಕಟ್ಟಿ ಸೈಕಲ್ ಹತ್ತಿದಳು. ಬಿದ್ದಳು. ಎದ್ದು ಮತ್ತೆ ಹತ್ತಿದಳು. ಹಿಂದಿನಿಂದ ಸೀಟು ಹಿಡಿದುಕೊಂಡು ಓಡುತ್ತಿದ್ದವರು ಸಾಕ್ಷಾತ್ ವಿಮಲಮ್ಮ. ದಿನಾ ಮಧ್ಯಾಹ್ನ ನನಗೆ ಗುಟ್ಟಾಗಿ ಸೈಕಲ್ ಕಲಿಸುತ್ತಿದ್ದವರೂ ಅವರೇ ಅಂತ ನಿನಗೆ ಮಾತ್ರ ಹೇಳಿದ್ದೆ. ಟೆಂಟಿಗೆ ಟೆಂಟೇ ನಗುತ್ತಿತ್ತು. ನಾನು ಮಾತ್ರ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದೆ. ಚೆನ್ನಾಗಿ ಕಲಿತ ಮೇಲೆ ಒಂದು ಸಂಜೆ ಫ್ಯಾಕ್ಟರಿಯ ಗೇಟಿಗೇ ಹೋಗಿ ನಿನ್ನ ಭಾವನ ಮುಂದೆ ಜಂಬದಿಂದ ಇಳಿಯಬೇಕು ಅಂತ ಆಸೆ ಇಟ್ಟುಕೊಂಡಿದ್ದೆನಲ್ಲ, ಅದಕ್ಕೇ ಮುಚ್ಚಿಟ್ಟಿದ್ದು.

ರೀಲು ಬದಲಾಯಿಸಲು ದೀಪ ಹಾಕಿದರು. ಚಾಪೆಯ ಆಚೆ ಕಡೆ ಯಾರೋ ಎದ್ದು ನಿಂತ ಸದ್ದು. ನೋಡಿದರೆ ನಿನ್ನ ಭಾವ! ಚಾಪೆಯ ಮೇಲಿನಿಂದ ಕತ್ತು ಚಾಚಿ, ಅಷ್ಟು ಜನರ ಎದುರಿಗೆ, ‘ಲಿಂಗೂ, ಆ ಗ್ರೀಸು ಸೈಕಲ್ದೇನೇ?’ ಅಂದರು.

ನನಗೂ ಎಲ್ಲಿಂದ ಧೈರ್ಯ ಬಂತೋ. ‘ಹೂಂ ಕಣ್ರೀ, ಸೈಕಲ್ದೇ! ನೀವ್ಯಾಕೆ ಊಟ ಹಾಗೇ ವಾಪಸ್ ತರ್ತಿದ್ರಿ? ನನ್ನ ಕೈ ಅಡುಗೆ ಬೇಡವಾಯ್ತಾ?’ ಅಂತ ನಾನೂ ಎದ್ದು ಕೇಳಿದೆ.

‘ಸಂಕಟ ಇಟ್ಕೊಂಡು ಮುದ್ದೆ ಗಂಟಲಲ್ಲಿ ಇಳಿಯುತ್ತೇನೇ, ಪೆದ್ದಿ?’ ಅಂದರು. ಅವರ ಕಣ್ಣು ಒದ್ದೆಯಾಗಿತ್ತು. ನನಗಂತೂ ಅಳು, ನಗು ಎರಡೂ ಒಟ್ಟಿಗೇ ಬಂದವು.

ಟೆಂಟಿನಲ್ಲಿ ಎಂಥ ಶಿಳ್ಳೆ, ಎಂಥ ಚಪ್ಪಾಳೆ! ‘ನಂಜುಂಡಪ್ಪನೋರೇ, ಈ ಕಡೆ ಬಂದ್ಬಿಡಿ’ ಅಂತ ಹೆಂಗಸರೇ ಕರೆದರು. ಮುನಿವೆಂಕಟಪ್ಪನವರು ತಾವೇ ಬಂದು ಚಾಪೆಯ ಒಂದು ಮೂಲೆ ಬಿಚ್ಚಿದರು. ಉಳಿದ ಚಿತ್ರವನ್ನು ನಿನ್ನ ಭಾವನ ಪಕ್ಕದಲ್ಲೇ ಕೂತು ನೋಡಿದೆ, ನೋಡಿದೆ ಅನ್ನುವುದಷ್ಟೇ, ಏನು ನಡೆಯಿತೋ ಒಂದೂ ನೆನಪಿಲ್ಲ. ತೆಂಗಿನಕಾಯಿಯನ್ನು ಟೆಂಟಿನ ಬಾಗಿಲಲ್ಲಿ ಒಡೆದು ಬಂದೆ. ಯಾರ ಆಣೆಯನ್ನೂ ಮುರಿಯದೆ, ಇಬ್ಬರ ಗುಟ್ಟನ್ನೂ ಬಯಲಿಗೆಳೆದ ಕಿಲಾಡಿ ನೀನು. ನಿನ್ನ ಮೇಲೆ ಸಿಟ್ಟೂ ಬರುತ್ತದೆ, ಮುದ್ದೂ ಬರುತ್ತದೆ.

ನೆನ್ನೆ ಕ್ಯಾರಿಯರು ತೊಳೆದಿಟ್ಟ ಹಾಗೆ ಖಾಲಿಯಾಗಿ ಬಂತು. ಸಂಜೆ ನಿನ್ನ ಭಾವನೇ ಸೀಟು ಹಿಡಿದುಕೊಂಡು ನನ್ನ ಹಿಂದೆ ಓಡಿದರು. ವಿಮಲಮ್ಮನಷ್ಟು ಚೆನ್ನಾಗಿ ಹಿಡಿಯುವುದಿಲ್ಲ, ಇಬ್ಬರೂ ಲಂಟಾನ ಪೊದೆಗೆ ಬಿದ್ದೆವು. ನೀನು ಚಿತ್ರಕ್ಕೆ ಮಾತು ಸೇರಿಸುವ ಗೋಜಿಗೆ ಹೋಗಬೇಡಪ್ಪ, ಅದು ಇದ್ದ ಹಾಗೇ ಇರಲಿ. ನಿನ್ನ ಭಾವ ನಿನಗೆ ಆಶೀರ್ವಾದ ಹೇಳಿದ್ದಾರೆ, ಕೈಗೆ ಸಿಕ್ಕರೆ ಕಿವಿ ಹಿಂಡುತ್ತೇನೆ ಅಂತಲೂ ಹೇಳಿದ್ದಾರೆ. ಮಾರೇನಹಳ್ಳಿಯಲ್ಲಿ ಅಪ್ಪ ಆರೋಗ್ಯ. ನಿನಗೆ ದೇವರು ಒಳ್ಳೆಯದು ಮಾಡಲಿ.

ನಿನ್ನ ಅಕ್ಕ,
ಲಿಂಗಮ್ಮ

ಮರೆತಿದ್ದೆ: ಅಂಚೆಯವನು ಬರುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಬರುವ ಸೋಮವಾರ ಜಯದೇವಿಯನ್ನು ನೋಡಲು ತುಮಕೂರಿನಿಂದ ಗಂಡಿನ ಕಡೆಯವರು ಬರುತ್ತಿದ್ದಾರೆ. ನೀನು ಯಾವಾಗ ಬರುತ್ತೀಯ ಅಂತ ಅವಳು ನೆನ್ನೆಯಿಂದ ಮೂರು ಸಲ ಬಂದು ಕೇಳಿದ್ದಾಳೆ. ಯಾಕಮ್ಮ ಅಂದರೆ ‘ಏನಿಲ್ಲ ಅಕ್ಕ, ಸುಮ್ನೆ’ ಅನ್ನುತ್ತಾಳೆ. ಚಿತ್ರದಲ್ಲಿ ಅವಳ ಮುಖವನ್ನು ನೀನು ಎಷ್ಟು ಹತ್ತಿರದಿಂದ, ಎಷ್ಟು ಹೊತ್ತು ತೋರಿಸಿದ್ದೀಯ ಅಂತ ಟೆಂಟಿನವರೆಲ್ಲ ನೋಡಿದ್ದಾರೆ. ಅವಳಿಗೆ ಮಾತ್ರ ನೀನು ಒಂದು ಮಾತೂ ಹೇಳಿಲ್ಲವಂತೆ. ಇನ್ನೊಂದು ಚಿತ್ರ ತೆಗೆಯುವಷ್ಟು ಪುರುಸೊತ್ತಿಲ್ಲ ಕಣೋ. ರೈಲು ಹತ್ತಿ ಬಾ, ಬಾಯಿಬಿಟ್ಟು ಕೇಳು.