ನಿಮ್ಮಪ್ಪ ತಂದ ಮಿಲಿಟರಿ ಗಾಡಿ

ತಳೇಗಾಂವ ದಾಭಾಡೆ
ಗುರುವಾರ, ಮಧ್ಯಾಹ್ನ

ನನ್ನ ಮಗಳು ಸಪ್ನಾಳಿಗೆ,

ಅವ್ವನ ಆಶೀರ್ವಾದ. ಅಳಿಯಂದಿರು ಅಮೋಘ ಅವರಿಗೂ ತಿಳಿಸು.

ಬರುವ ತಿಂಗಳು ನಿಮ್ಮಪ್ಪನನ್ನು ಬೆಳಗಾವಿಯ ದೊಡ್ಡ ಡಾಕ್ಟರಿಗೆ ತೋರಿಸಲು ಹೆಸರು ಹಚ್ಚಿದ್ದೇನೆ ಎಂದು ಮೊನ್ನೆ ಫೋನಿನಲ್ಲಿ ಹೇಳಿದೆಯಲ್ಲ, ಅದನ್ನು ರದ್ದು ಮಾಡಿಸಿಬಿಡು. ಅವರ ತಲೆಗೆ ಏನೂ ಆಗಿಲ್ಲ. ಅವರಿಗೆ ಮರೆವಿನ ರೋಗ ಹತ್ತಿದೆ ಎಂದು ಹಬ್ಬಿಸಿದವಳು ನಾನೇ. ಇದನ್ನು ಫೋನಿನಲ್ಲಿ ಹೇಳೋಣವೆಂದರೆ ಈ ಎರಡು ಕೋಣೆಯ ಮನೆಯಲ್ಲಿ ಅವರು ಎಲ್ಲಿ ಕೂತರೂ ಕೇಳಿಸುತ್ತದೆ. ಅದಕ್ಕೇ ಎಷ್ಟೋ ವರ್ಷಗಳ ಮೇಲೆ ಕಾಗದ ಬರೆಯಲು ಕುಳಿತಿದ್ದೇನೆ. ಬರೆಯುವಾಗ ನಿನ್ನ ದನಿ ಕೇಳಿಸುವುದಿಲ್ಲ, ಅದೂ ಒಂದು ಅನುಕೂಲ.

ಇದರ ಮೂಲ ನಿಮ್ಮಪ್ಪ ತಂದ ಗಾಡಿಗಿಂತ ಹಿಂದಿನದು. ಖಡಕಿಯ ಕ್ವಾರ್ಟರ್ಸ್ ಬಿಟ್ಟು ನಾವು ಈ ಹೌಸಿಂಗ್ ಸೊಸೈಟಿಯ ಮನೆಗೆ ಬಂದ ಹೊಸದರಲ್ಲಿ ಸುಲಭಾ ಹಳದಿ-ಕುಂಕುಮಕ್ಕೆ ಕರೆದಿದ್ದಳು. ಸುಲಭಾ ಎಂದರೆ ನಮ್ಮ ಎದುರುಮನೆಯಾಕೆ. ಹೋದ ವರ್ಷ ದೀಪಾವಳಿಗೆ ನೀನು ಬಂದಾಗ ನಿನ್ನ ನಂಬರು ತೆಗೆದುಕೊಂಡಿದ್ದಳಲ್ಲ, ಅವಳೇ. ಅಲ್ಲಿ ಕೂತಿದ್ದವರಲ್ಲಿ ಒಬ್ಬಳ ಗಂಡ ಕಾರಖಾನೆಯ ಮ್ಯಾನೇಜರು, ಇನ್ನೊಬ್ಬಳ ಗಂಡ ಬ್ಯಾಂಕಿನವರು. ನಿಮ್ಮವರು ಏನಿದ್ದರು ಎಂದು ಕೇಳಿದಾಗ ನಾನು, ಮಿಲಿಟರಿ ಡಿಪೋದಲ್ಲಿ ಸಾಹೇಬರಾಗಿದ್ದರು ಎಂದುಬಿಟ್ಟೆ. ಮೂವತ್ತು ವರ್ಷ ಡಿಪೋದ ಗಾಡಿ ಹೊಡೆದ ಡ್ರೈವರು ಎಂದು ಹೇಳಲು ಬಾಯಿ ಬರಲಿಲ್ಲ. ಆ ಪಗಾರದಲ್ಲೇ ಉಂಡವಳು ನಾನು, ಆ ಪಗಾರದಲ್ಲೇ ಓದಿದವಳು ನೀನು. ನಿಮ್ಮಪ್ಪ ಯಾರ ಜೊತೆಗೂ ಹೆಚ್ಚು ಮಾತಾಡುವ ಮನುಷ್ಯರಲ್ಲ. ಹಾಗಾಗಿ ನನ್ನ ಸುಳ್ಳು ಯಾರ ಕಣ್ಣಿಗೂ ಬೀಳದೆ ನಡೆದುಹೋಯಿತು.

ದಸರೆಗೆ ಮುಂಚೆ ರಾಮಲಿಂಗಪ್ಪ ಫೋನು ಮಾಡಿದ. ನಿಮ್ಮಪ್ಪನ ಜೊತೆ ಡಿಪೋದಲ್ಲಿದ್ದವನು, ಈಗ ಹಳೆ ಗಾಡಿಗಳ ವ್ಯಾಪಾರ ಮಾಡುತ್ತಾನೆ. ಸೈನ್ಯದವರು ಬೇಡವೆಂದು ಹರಾಜಿಗೆ ಹಾಕಿದ ಗಾಡಿಗಳಲ್ಲಿ ಮೂರನ್ನು ಹಿಡಿದಿದ್ದ, ಒಂದನ್ನು ನಿಮ್ಮಪ್ಪನಿಗೆ ಕೊಡುತ್ತೇನೆಂದ. ಶಕ್ತಿಮಾನ್ ಟ್ರಕ್ಕು. ನೀನು ಸಣ್ಣವಳಿದ್ದಾಗ ಅಂಥದರ ಹಿಂದೆ ಹತ್ತಿ ಕೂತು ಕ್ವಾರ್ಟರ್ಸಿನ ಮಕ್ಕಳೆಲ್ಲ ಧ್ವಜವಂದನೆಗೆ ಹೋಗುತ್ತಿದ್ದಿರಿ. ನಿಮ್ಮಪ್ಪ ನನ್ನನ್ನು ಒಂದು ಮಾತು ಕೇಳಿದರು. ಲೋಣಾವಳಾ ದಾರಿಯ ನರ್ಸರಿಯವನು ಸಸಿ, ಕೆಂಪುಮಣ್ಣು ಸಾಗಿಸಲು ಗಾಡಿ ಹುಡುಕುತ್ತಿದ್ದಾನೆ, ಸುಮ್ಮನೆ ಕೂತು ಕೈ ಜಡ್ಡುಗಟ್ಟಿವೆ ಎಂದರು. ನಿಮ್ಮ ಮನಸ್ಸು ಎಂದೆ. ತರಬೇಡಿ ಎನ್ನಲು ನನ್ನಲ್ಲಿ ಇದ್ದ ಕಾರಣವನ್ನು ಅವರ ಮುಂದೆ ಹೇಳುವಂತಿರಲಿಲ್ಲ.

ಗಾಡಿ ತರುವ ದಿನ ನನಗೂ ಬಾ ಎಂದು ಹಟ ಹಿಡಿದರು. ಖಡಕಿಯಲ್ಲಿ ರಾಮಲಿಂಗಪ್ಪನ ಅಂಗಳದ ಹುಲ್ಲಿನಲ್ಲಿ ಅದು ನಿಂತಿತ್ತು. ಹಸಿರು ಬಣ್ಣ ಅಲ್ಲಲ್ಲಿ ಸುಲಿದಿತ್ತು. ಬಾಣದ ಗುರುತಿದ್ದ ಸೈನ್ಯದ ನಂಬರನ್ನು ಅಳಿಸಿ ಆರ್‌ಟಿಓದವರ ತಾತ್ಕಾಲಿಕ ನಂಬರು ಅಂಟಿಸಿದ್ದರು. ನಿಮ್ಮಪ್ಪ ಸುತ್ತ ಒಂದು ಬಾರಿ ನಡೆದು, ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನಿಂತರು.

"ಇದು ನಾ ಹೊಡದ ಗಾಡಿ ಅಲ್ಲ ಗೌರಾ. ಆದ್ರ ಇದರ ಅಣ್ಣತಮ್ಮಂದಿರೆಲ್ಲಾ ನನ್ನ ಕೈಯಾಗ ಓಡ್ಯಾವ" ಎಂದರು.

ಸೀಟಿನ ಸ್ಪ್ರಿಂಗು ಚುಚ್ಚುತ್ತದೆಂದು ಮನೆಯಿಂದ ಹಳೆ ದುಪ್ಪಟಿ ತಂದಿದ್ದರು. ಮಡಿಸಿ ನನ್ನ ಕಡೆ ಹಾಸಿ, ಕೈಕೊಟ್ಟು ಹತ್ತಿಸಿದರು. ದಾಪೋಡಿ ಸೇತುವೆ ದಾಟುವವರೆಗೆ ನನಗೆ ಜೀವವೇ ಇರಲಿಲ್ಲ. ಎಂಜಿನ್ನಿನ ಸದ್ದಿಗೆ ಎದೆ ಅದುರುತ್ತಿತ್ತು, ಕಾಲ ಕೆಳಗಿನ ತಗಡು ಕಾದಿತ್ತು. ಪಿಂಪರಿ ಬರುವಷ್ಟರಲ್ಲಿ ರೂಢಿಯಾಯಿತು. ಅಷ್ಟು ಎತ್ತರದಲ್ಲಿ ಕೂತು ರಸ್ತೆ ನೋಡುವುದು ಚೆಂದವೇ ಇತ್ತು. ನಿಮ್ಮಪ್ಪ ಗೇರು ಬದಲಿಸುವಾಗ ಸ್ವಲ್ಪ ಮುಂದೆ ಬಾಗಿ, ಯಾರದೋ ಮಾತು ಕೇಳುವವರಂತೆ ತಲೆ ವಾಲಿಸುತ್ತಿದ್ದರು. ಅವರು ಕೆಲಸ ಮಾಡುವುದನ್ನು ನಾನು ಇಷ್ಟು ವರ್ಷದಲ್ಲಿ ನೋಡಿಯೇ ಇರಲಿಲ್ಲ. ಚಿಂಚವಾಡದಲ್ಲಿ ಗಾಡಿ ನಿಲ್ಲಿಸಿ ಕಬ್ಬಿನ ಹಾಲು ತಂದುಕೊಟ್ಟರು. ನಾನು ಸಂತೋಷವಾಗಿದ್ದೆ ಸಪ್ನಾ. ಅದನ್ನು ಬರೆಯದಿದ್ದರೆ ಮುಂದಿನದನ್ನು ಬರೆದು ಉಪಯೋಗವಿಲ್ಲ.

ನಿಗಡಿಯ ಸಿಗ್ನಲ್ಲಿನಲ್ಲಿ ನಿಂತಾಗ ಎಡಕ್ಕೆ ಒಂದು ಬಿಳಿ ಕಾರು ಬಂದು ನಿಂತಿತು. ಒಳಗೆ ಸುಲಭಾ ಮತ್ತು ಅವಳ ಗಂಡ. ನಾನು ತಟ್ಟನೆ ಬಗ್ಗಿದೆ. ತಲೆಯನ್ನು ಮೊಣಕಾಲಿನ ಹತ್ತಿರ ಇಟ್ಟುಕೊಂಡು ಕಾಲ ಕೆಳಗೆ ಕೈಯಾಡಿಸಿದೆ.

"ಏನ್ ಹುಡುಕಾಕ ಹತ್ತೀ?" ಎಂದರು.

"ಚಪ್ಪಲಿ ಕಳಚ್ಯಾವ್ರೀ."

ಅವರು ಕೆಳಗೆ ನೋಡಿದರು, ಕಾರಿನ ಕಡೆ ನೋಡಿದರು. "ಎರಡೂ ನಿನ್ನ ಕಾಲಾಗಽ ಅದಾವಲ್ಲ" ಎಂದು ಮೆಲ್ಲಗೆ ಹೇಳಿದರು. ಸಿಗ್ನಲ್ ಬಿಟ್ಟಿತು. ಅವರು ಗೇರು ಹಾಕಿ ಗಾಡಿ ಮುಂದೆ ಬಿಟ್ಟರು.

ಗಾಡಿಯನ್ನು ಸೊಸೈಟಿಯ ಹೊರಗಿನ ಖಾಲಿ ಜಾಗದಲ್ಲಿ ನಿಲ್ಲಿಸಿದರು. ಅಷ್ಟು ದೊಡ್ಡ ವಸ್ತುವನ್ನು ಸೆರಗಿನಲ್ಲಿ ಮುಚ್ಚಲಾಗುತ್ತದೆಯೇ? ಸಂಜೆಗೆಲ್ಲ ಹೆಂಗಸರು, ಗಂಡಸರು ಸುತ್ತ ನೆರೆದರು. ಎಂದೂ ಮಾತಾಡದ ನಿಮ್ಮಪ್ಪ ಅವತ್ತು ತಮ್ಮ ಒಡಕು ಮರಾಠಿಯಲ್ಲಿ ಮಾತಾಡಿದ್ದೇ ಮಾತಾಡಿದ್ದು. ಮೂವತ್ತು ವರ್ಷ ಇಂಥದನ್ನೇ ಹೊಡೆದೆ, ಡಿಪೋದಿಂದ ರೈಲ್ವೆ ಯಾರ್ಡಿಗೆ ಎಷ್ಟು ಮದ್ದುಗುಂಡಿನ ಪೆಟ್ಟಿಗೆ ಸಾಗಿಸಿದ್ದೇನೋ, ಒಂದು ಬಾರಿಯೂ ಗಾಡಿಯನ್ನು ಎಲ್ಲೂ ತಾಗಿಸಿಲ್ಲ ಎಂದು ಬಾಗಿಲು ತೆಗೆದು ತೋರಿಸಿದರು. ಸುಲಭಾ ನನ್ನ ಕಡೆ ತಿರುಗಿದಳು. ಕಾಕೂ, ಕಾಕಾ ಸಾಹೇಬರಾಗಿದ್ದರಲ್ಲವೇ ಎಂದಳು.

ಆಗ ಹೌದೆನ್ನಬಹುದಿತ್ತು, ಅಲ್ಲವೆನ್ನಬಹುದಿತ್ತು. ನಾನು ಅವಳನ್ನು ಪಕ್ಕಕ್ಕೆ ಕರೆದು, ಯಾರಿಗೂ ಹೇಳಬೇಡ, ಇತ್ತೀಚೆಗೆ ಅವರ ತಲೆ ಸರಿಯಿಲ್ಲ, ಕೈಕೆಳಗಿನ ಡ್ರೈವರುಗಳ ಕಥೆಯನ್ನೆಲ್ಲ ತಮ್ಮದೇ ಅಂದುಕೊಳ್ಳುತ್ತಾರೆ ಎಂದೆ. ಅಳು ಬಂದವಳಂತೆ ಕಣ್ಣೂ ಒರೆಸಿಕೊಂಡೆ. ಅಷ್ಟು ಚೆನ್ನಾಗಿ ಸುಳ್ಳು ಹೇಳುವುದು ನನಗೆ ಬರುತ್ತದೆಂದು ನನಗೇ ಗೊತ್ತಿರಲಿಲ್ಲ.

ಆಮೇಲಿನದು ಬೇಗ ಬೇಗ ನಡೆಯಿತು. ನಿಮ್ಮಪ್ಪ ಗಾಡಿಯ ಮಾತು ತೆಗೆದರೆ ಜನ ತಲೆಯಾಡಿಸಿ, ಹೌದು ಕಾಕಾ, ಹೌದು ಕಾಕಾ ಎನ್ನತೊಡಗಿದರು. ವಾಚಮನ್ ಅವರ ಹಿಂದೆ ಹಿಂದೆ ಹಾಲಿನ ಅಂಗಡಿಯವರೆಗೆ ಹೋಗಿ ಬರುತ್ತಿದ್ದ. ಸೊಸೈಟಿಯ ಸೆಕ್ರೆಟರಿ ಬಂದು, ನಿಮ್ಮ ಒಳ್ಳೆಯದಕ್ಕೇ ಎಂದು ನಯವಾಗಿ ಹೇಳಿ, ಗಾಡಿಯ ಕೀಲಿ ತೆಗೆದುಕೊಂಡು ಹೋದರು. ನಿಮ್ಮಪ್ಪ ನನ್ನ ಮುಖ ನೋಡಿದರು. ನಾನು ಚಹಾ ತರುವ ನೆಪದಲ್ಲಿ ಅಡಿಗೆಮನೆಗೆ ಹೋದೆ. ನರ್ಸರಿಯವನಿಗೂ ಯಾರೋ ಮುಟ್ಟಿಸಿದರು, ಅವನು ಬೇರೆ ಗಾಡಿ ಗೊತ್ತುಮಾಡಿಕೊಂಡ. ಸುಲಭಾ ನಿನಗೆ ಫೋನು ಮಾಡಿ, ಕಾಕಾರ ತಲೆ ಸರಿಯಿಲ್ಲ ಎಂದಷ್ಟೇ ಹೇಳಿದಳು, ನೀನು ಗಾಬರಿಯಾಗಿ ನನಗೆ ಮಾಡಿದೆ. ಅವರು ಡ್ರೈವರಾಗಿದ್ದದ್ದು ನಿನಗೆ ಗೊತ್ತು, ಆದ್ದರಿಂದ ನಿನಗೆ ಬೇರೆ ಹೇಳಬೇಕಾಯಿತು. ಹೌದವ್ವಾ, ಒಮ್ಮೊಮ್ಮೆ ಹಾದಿ ತಪ್ಪುತ್ತಾರೆ ಎಂದೆ. ಅವರು ಹಾದಿ ತಪ್ಪಿಲ್ಲ, ಮಗಳೇ. ಒಂದು ದಿನವೂ ತಪ್ಪಿಲ್ಲ.

ಮರುದಿನದಿಂದ ಅಮೋಘ ಅವರು ಫೋನಿನಲ್ಲಿ ನಿಮ್ಮಪ್ಪನ ಜೊತೆ ಒಂದೊಂದೇ ಶಬ್ದ ಬಿಡಿಸಿ, ಸಣ್ಣ ಕೂಸಿನ ಜೊತೆ ಮಾತಾಡಿದಂತೆ ಮಾತಾಡತೊಡಗಿದರು. ಪಾಪ, ಪ್ರೀತಿಯಿಂದಲೇ. ಫೋನು ಇಟ್ಟ ಮೇಲೆ ನಿಮ್ಮಪ್ಪ ಬಹಳ ಹೊತ್ತು ಬಾಲ್ಕನಿಯಲ್ಲಿ ಕೂತಿರುತ್ತಿದ್ದರು. ಈಗೀಗ ಮನೆಯಿಂದ ಹೊರಡುವಾಗ ಬೀಗ ಹಾಕಿ, ನಾಲ್ಕು ಮೆಟ್ಟಿಲು ಇಳಿದು, ತಿರುಗಿ ಬಂದು ಎಳೆದು ನೋಡುತ್ತಾರೆ.

ಇನ್ನೊಂದಿದೆ. ಇದನ್ನು ಬರೆಯಬಾರದೆಂದುಕೊಂಡಿದ್ದೆ.

ಹೋದ ಸೋಮವಾರ ನಾನು ಅಕ್ಕಿ ಆರಿಸುತ್ತಿದ್ದೆ. ಅವರು ಬಂದು ಎದುರಿಗೆ ನೆಲದ ಮೇಲೆ ಕುಳಿತರು. "ಗೌರಾ, ನಾ ಏನಾರ ಮರಿಯಾಕ ಹತ್ತೇನೇನು? ಎಲ್ಲಾರೂ ಒಂಥರಾ ನೋಡ್ತಾರ. ನನಗ ತಿಳಿವಲ್ದು. ನೀನಾರ ಖರೇ ಹೇಳು" ಎಂದರು.

ನಿಜ ಹೇಳಲು ದೇವರೇ ಬಾಗಿಲಿಗೆ ಬಂದು ಕೊಟ್ಟಂಥ ಸಮಯ ಅದು. ನಾನು ಅಕ್ಕಿಯ ಮೇಲಿಂದ ಕಣ್ಣೆತ್ತದೆ, "ವಯಸ್ಸಾತಲ್ರೀ, ಒಂದೊಂದು ಮರೀತೀರಿ. ಅದಕ್ಕೇನು ಚಿಂತಿ ಮಾಡ್ಬ್ಯಾಡ್ರಿ" ಎಂದೆ. ಅವರು ಹೂಂ ಎಂದರು. ನಂಬಿದರು. ನನ್ನ ಮಾತನ್ನು ಅವರು ಯಾವತ್ತು ನಂಬಿಲ್ಲ?

ಅವತ್ತಿನಿಂದ ನನಗೆ ಅನ್ನ ಸೇರುತ್ತಿಲ್ಲ. ನಿನ್ನೆ ಧೈರ್ಯ ಮಾಡಿ ಸುಲಭಾಳ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ನಮ್ಮವರು ಡ್ರೈವರೇ ಆಗಿದ್ದರು, ನಾನೇ ದೊಡ್ಡಸ್ತಿಕೆಗೆ ಸುಳ್ಳು ಹೇಳಿದೆ, ಅವರ ತಲೆ ಗಟ್ಟಿಯಾಗಿದೆ ಎಂದೆ. ಅವಳು ನನ್ನ ಎರಡೂ ಕೈ ಹಿಡಿದುಕೊಂಡಳು, ಅವಳ ಕಣ್ಣಲ್ಲಿ ನೀರು ಬಂತು. ಕಾಕೂ, ನಮ್ಮ ಅತ್ತೆಗೂ ಹೀಗೇ ಆಗಿತ್ತು, ನಾವೂ ಮೊದಲು ಮುಚ್ಚಿಡುತ್ತಿದ್ದೆವು, ನಮ್ಮ ಮುಂದೆ ಮುಚ್ಚಿಡಬೇಡಿ, ಗಂಡನ ಮಾನಕ್ಕಾಗಿ ನಿಮ್ಮ ಮೇಲೆ ಹಾಕಿಕೊಳ್ಳುತ್ತೀರಲ್ಲ, ನೀವು ದೊಡ್ಡವರು ಎಂದಳು. ನಾನು ಎಷ್ಟು ಹೇಳಿದರೂ ಅವಳು ನಂಬಲಿಲ್ಲ. ಸೆಕ್ರೆಟರಿಯ ಹತ್ತಿರ ಹೋದೆ. ಡಾಕ್ಟರರ ಚೀಟಿ ತನ್ನಿ, ಕೀಲಿ ಕೊಡುತ್ತೇನೆ ಎಂದರು.

ಹೀಗಿದೆ, ಸಪ್ನಾ. ಹೇಳುವುದು ಸುಲಭವಾಗಿತ್ತು, ಹೇಳಿದ್ದನ್ನು ತಿರುಗಿ ತೆಗೆದುಕೊಳ್ಳಲು ಯಾರೂ ಬಿಡುತ್ತಿಲ್ಲ. ಇನ್ನು ಮನೆ ಮನೆ ಬಾಗಿಲಿಗೆ ಹೋಗಿ ಹೇಳುತ್ತೇನೆ. ನಗಲಿ, ಕನಿಕರ ಪಡಲಿ. ನೀನು ಮಾತ್ರ ನಂಬು. ಅಮೋಘ ಅವರಿಗೆ ಇದನ್ನು ಓದಲು ಕೊಡು, ಅವರು ನನ್ನ ಬಗ್ಗೆ ಏನು ತಿಳಿದುಕೊಂಡರೂ ಅದು ನನಗೆ ಸಲ್ಲಬೇಕಾದ್ದೇ.

ನಿಮ್ಮಪ್ಪನಿಗೆ ಮಾತ್ರ ಏನೂ ಹೇಳಬೇಡ. ಡಾಕ್ಟರು ಬೇರೆ ಊರಿಗೆ ಹೋಗಿದ್ದಾರೆ ಎಂದುಬಿಡು. ನಿಧಾನವಾಗಿ, ಸಮಯ ನೋಡಿ, ನಾನೇ ಹೇಳುತ್ತೇನೆ. ಅವರ ಕಣ್ಣಲ್ಲಿ ಇಷ್ಟು ವರ್ಷ ಇದ್ದ ಗೌರಾ ಇನ್ನು ಸ್ವಲ್ಪ ದಿನ ಹಾಗೇ ಇರಲಿ ಎಂಬ ಆಸೆ ನನಗೆ.

ನಾಚಿಕೆಯಿಂದ ತಲೆ ತಗ್ಗಿಸಿದ,
ನಿನ್ನ ಅವ್ವ
ಗೌರಾಬಾಯಿ

ತಾ.ಕ.: ಸಹಿ ಹಾಕಿ ತಲೆ ಎತ್ತಿದರೆ ನಿಮ್ಮಪ್ಪ ಬಾಗಿಲಲ್ಲಿ ನಿಂತಿದ್ದರು. "ಅಷ್ಟು ಉದ್ದ ಏನ್ ಬರದಿ ಸಪ್ನಾಗ? ನನ್ನ ಜಡ್ಡಿನ ಸುದ್ದಿ ಏನು?" ಎಂದರು. ತಮಗೆ ಜಡ್ಡು, ರೋಗ ಎಂಬ ಮಾತನ್ನು ಅವರ ಬಾಯಿಂದಲೇ ಕೇಳಿ ತಡೆಯಲಾಗಲಿಲ್ಲ. ಕೂರಿಸಿ, ಮೊದಲ ಸಾಲಿನಿಂದ ಓದಿದೆ. ಅಕ್ಕಿ ಆರಿಸುತ್ತಿದ್ದ ದಿನದ ಹತ್ತಿರ ಬಂದಾಗ ಕಾಗದ ಮಡಿಸಹೋದೆ. "ಮುಂದ ಓದು" ಎಂದರು. ಕಡೆಯವರೆಗೆ ಓದಿದೆ. ಬೈಯಲಿಲ್ಲ. ಬೈದಿದ್ದರೆ ನಾನು ಬದುಕುತ್ತಿದ್ದೆ. ಡಾಕ್ಟರು ಬೇರೆ ಊರಿಗೆ ಹೋಗಿದ್ದಾರೆಂದು ಹೇಳು ಅಂತ ಬರೆದದ್ದನ್ನು ಹೊಡೆದುಹಾಕೋಣವೆಂದೆ. ಇರಲಿ, ಸಪ್ನಾ ಅದನ್ನೂ ಓದಲಿ ಎಂದರು. ಊಟಕ್ಕೆ ಬಡಿಸಿದೆ, ಉಂಡರು, ನನ್ನ ಕಡೆ ನೋಡಲಿಲ್ಲ. ಕೈತೊಳೆದು ಬಂದು ಲಕೋಟೆ ಎಳೆದುಕೊಂಡು ವಿಳಾಸ ತಾವೇ ಬರೆದರು. ನೋಡು, ಅದು ಅವರ ಅಕ್ಷರ. ನಿನ್ನ ಮನೆ ನಂಬರು, ಗಲ್ಲಿಯ ಹೆಸರು, ಪಿನ್ ಕೋಡು, ಎಲ್ಲವನ್ನೂ ನನ್ನನ್ನು ಕೇಳದೆ ಬರೆದರು.